ಇಳಿಜಾರಿಗೆ ಒಂದು ಗಾಡಿ

ಗುಡ್ಡ ಹತ್ತುವಾಗ ನನಗೆ ಹೆದರಿಕೆಯಿಲ್ಲ, ಇಳಿಯುವಾಗ ಇದೆ. ವಾರಕ್ಕೆ ಐದು ದಿನ ಹೊನ್ನಾವರದ ಡ್ರೈವಿಂಗ್ ಶಾಲೆಯೊಂದರಲ್ಲಿ ಕುಳಿತು "ಹೆದರಬೇಡಿ, ಕ್ಲಚ್ ನಿಧಾನ ಬಿಡಿ" ಎಂದು ಹೇಳಿಕೊಡುವ ಹೆಂಗಸು ಹೀಗೆ ಬರೆದರೆ ನಾಳೆ ಯಾರೂ ಕಲಿಯಲು ಬರಲಿಕ್ಕಿಲ್ಲ. ಆದರೂ ಇದ್ದದ್ದನ್ನು ಬರೆಯುತ್ತೇನೆ.

ಉಳಿದೆರಡು ದಿನ, ಶನಿವಾರ ಮತ್ತು ಭಾನುವಾರ, ನಾನೂ ನನ್ನ ಅತ್ತಿಗೆಯೂ ಪ್ರವಾಸಿಗರನ್ನು ಸುತ್ತಿಸುತ್ತೇವೆ. ಕುಮಟೆಯ ಪಕ್ಕದ ಹೊಳನಗದ್ದೆಯ ನಮ್ಮ ಮನೆಯಿಂದ ಹೊರಟು, ಆದಷ್ಟು ಹೆದ್ದಾರಿ ತಪ್ಪಿಸಿ, ಹೊನ್ನಾವರ ದಾಟಿ, ಭಟ್ಕಳ ತಾಲೂಕಿನ ಕಾಯ್ಕಿಣಿಯ ಹಿಂದಿನ ಗೇರುಗುಡ್ಡದ ನೆತ್ತಿಗೆ ಹೋಗಿ ಊಟ. ಅಲ್ಲಿಂದ ಸಮುದ್ರ ಕಾಣುತ್ತದೆ, ಹಾಗಾಗಿ ಊಟದ ರುಚಿಯ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ ಎಂದು ನಾನು ಅತ್ತಿಗೆಯನ್ನು ಕಾಡಿಸುವುದುಂಟು. ಗಾಡಿ ಓಡಿಸುವುದು ನನ್ನ ಕೆಲಸ. ಅಡುಗೆ, ಫೋನು, ಬಂದವರೊಂದಿಗೆ ಮಾತು, ಇವೆಲ್ಲ ಅವಳದು. ಅವಳು ಅಣ್ಣನ ಹೆಂಡತಿ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಆದರೂ ನಾನು ಅವಳನ್ನು ಏಕವಚನದಲ್ಲೇ ಕರೆಯುವುದು. ಬಹುವಚನ ಬಂದರೆ ಜಗಳವಾಗಿದೆ ಎಂದು ಮನೆಯವರಿಗೆಲ್ಲ ಗೊತ್ತಾಗುತ್ತದೆ.

ನೆತ್ತಿಯಿಂದ ಆಚೆ ಇಳಿಯಲು ಇರುವುದು ಒಂದೇ ದಾರಿ, ಹಿಂದೆ ಮನೆ ಕಟ್ಟುವ ಕೆಂಪು ಚಿರೆಕಲ್ಲಿನ ಲಾರಿಗಳು ಓಡಾಡಿ ಬಿಟ್ಟ ದಾರಿ. ಎಡಕ್ಕೆ ಗೋಡೆಯಂತೆ ಕಡಿದ ಮಣ್ಣಿನ ದರೆ, ಅದರ ಬುಡದಲ್ಲಿ ಮಳೆನೀರು ಕೊರೆದ ಕಾಲುವೆ. ಬಲಕ್ಕೆ ಕಲ್ಲು ತೆಗೆದ ಹಳ್ಳ. ಮಳೆಗಾಲ ಕಳೆದ ಮೇಲೂ ಅದರಲ್ಲಿ ಆಳಕ್ಕೆ ನೀರು ನಿಂತಿರುತ್ತದೆ. ನಡುವೆ ಮುನ್ನೂರು ಹೆಜ್ಜೆಯಷ್ಟು ಇಳಿಜಾರು, ಅದರ ಮೇಲೆ ಉರುಟು ಉರುಟಾದ ಕೆಂಪು ಹರಳು. ನೆಲದ ಮೇಲೆ ಕಡಲೆಕಾಳು ಚೆಲ್ಲಿ ನಡೆದ ಹಾಗೆ.

ಹೋದ ಬೇಸಿಗೆಯಲ್ಲಿ ನಮ್ಮ ಹಳೆಯ ಗಾಡಿ, ಹಿಂದಿನ ಎರಡೇ ಗಾಲಿಗೆ ಶಕ್ತಿ ಹೋಗುವಂಥದು, ಆ ಇಳಿಜಾರಿನಲ್ಲಿ ಆರು ಜನರನ್ನು ಹೊತ್ತುಕೊಂಡು ಜಾರಿತು. ಬ್ರೇಕ್ ಒತ್ತಿದೆ, ಗಾಲಿ ನಿಂತಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಅಡ್ಡಡ್ಡ ಹೋಗಿ ಒಂದು ಗೇರುಮರದ ಬೊಡ್ಡೆಗೆ ತಾಗಿ ನಿಂತಿತು. ಹಿಂದೆ ಕುಳಿತವರು ಇದೂ ಪ್ರವಾಸದ ಒಂದು ಭಾಗ ಎಂದುಕೊಂಡು ಕೇಕೆ ಹಾಕಿ ವಿಡಿಯೋ ಮಾಡಿದರು. ನಾನು ಕೆಳಗಿಳಿದು ನೀರಿನ ಬಾಟಲಿಯನ್ನು ಮುಚ್ಚಳ ತೆಗೆಯದೆಯೇ ಬಾಯಿಗೆ ಹಿಡಿದೆ. ಅತ್ತಿಗೆ ನೋಡಿದಳು, ಮುಚ್ಚಳ ತೆಗೆದುಕೊಟ್ಟಳು.

"ಇದ್ರಲ್ಲಿ ಇನ್ನು ಜನ ಕೂರ್ಸುದು ಬೇಡ ತಂಗಿ. ಬೇರೆ ಎಂತಾದ್ರೂ ನೋಡ್ವ."

ಮಳೆಗಾಲ ಪೂರ್ತಿ ಗಾಡಿ ನೋಡುವುದೇ ಆಯಿತು. ಮಾರುವವರೆಲ್ಲ ಗಾಡಿ ಎಷ್ಟು ಹತ್ತುತ್ತದೆ ಎಂದೇ ಹೇಳುತ್ತಿದ್ದರು. ನಾನು ಕೇಳುತ್ತಿದ್ದುದು ಹೇಗೆ ಇಳಿಯುತ್ತದೆ ಎಂದು. ಅದಕ್ಕೆ ಉತ್ತರ ಬಾಯಿಮಾತಿನಲ್ಲಿ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ನನ್ನದೇ ಒಂದು ಪರೀಕ್ಷೆ ಮಾಡಿಕೊಂಡೆ. ಅದೇ ಇಳಿಜಾರು, ಒಂದೇ ಭಾರ: ಹಿಂದೆ ನಾಲ್ಕು ಚೀಲ ಮರಳು. ಇಳಿಯುವಾಗ ನಾನು ಎಷ್ಟು ಸಲ ಬ್ರೇಕ್ ಮುಟ್ಟಿದೆ ಎಂದು ಅತ್ತಿಗೆ ಮೇಲೆ ನಿಂತು ಹಿಂದಿನ ಕೆಂಪು ದೀಪ ನೋಡಿ ಎಣಿಸಬೇಕು. ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯ ಗಾಡಿ. ಹಳೆಯ ಗಾಡಿಯಲ್ಲಿ ಎಣಿಸುವ ಪ್ರಶ್ನೆಯೇ ಇರಲಿಲ್ಲ, ಮೇಲಿಂದ ಕೆಳಗಿನವರೆಗೂ ದೀಪ ಉರಿಯುತ್ತಲೇ ಇತ್ತು.

ಮೊದಲು ಬಂದದ್ದು ಕುಮಟೆಯಲ್ಲಿದ್ದ ಬ್ಯಾಂಕ್ ಅಧಿಕಾರಿಯೊಬ್ಬರ ಗಾಡಿ. ಅವರಿಗೆ ವರ್ಗವಾಗಿತ್ತು. ನಾಲ್ಕೂ ಗಾಲಿಗೆ ಶಕ್ತಿ, ಗೇರ್ ಹಾಕುವ ಕೆಲಸವಿಲ್ಲ, ನಡುವೆ ಒಂದು ದುಂಡನೆಯ ಗುಂಡಿ.

"ಇದ್ನ ತಿರುಗಿಸಿದ್ರೆ ಆತು. ಮರಳು, ಕೆಸರು, ಕಲ್ಲು, ಎಲ್ಲಾ ಅದೇ ನೋಡ್ಕಳ್ತದೆ. ನೀವು ಸುಮ್ನೆ ಕೂರುದು" ಎಂದರು ಅವರು.

ಸುಮ್ಮನೆ ಕೂರುವುದೇ ನನಗೆ ಆಗದ ಕೆಲಸ. ಮೊದಲ ಇಳಿತದಲ್ಲಿ ಗಾಡಿ ತಾನೇ ಒಂದೊಂದು ಗಾಲಿಯ ಬ್ರೇಕ್ ಹಿಡಿದು ಬಿಟ್ಟು, ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತ ನಿಧಾನವಾಗಿ ಇಳಿಯಿತು. ನನ್ನ ಕಾಲು ಬ್ರೇಕಿನ ಮೇಲೆ ಗಾಳಿಯಲ್ಲೇ ಇತ್ತು. ಎರಡನೆಯ ಸಲವೂ ಇಳಿಯಿತು, ಆದರೆ ಸುಟ್ಟ ವಾಸನೆ ಬಂತು. ಮೂರನೆಯ ಸಲ ಅರ್ಧದಾರಿಯಲ್ಲಿ ಒಂದು ಹಳದಿ ದೀಪ ಹತ್ತಿತು, ಗಾಡಿ ತನ್ನ ಹಿಡಿತ ಬಿಟ್ಟು ಒಮ್ಮೆಲೇ ಮುಂದೆ ನುಗ್ಗಿತು. ಬ್ರೇಕ್ ಬಿಸಿಯಾಗಿ ಇನ್ನು ನನ್ನಿಂದಾಗದು ಎಂದು ಕೈಚೆಲ್ಲಿತ್ತು. ನಾನೇ ಬ್ರೇಕ್ ಒತ್ತಿ, ಎಡಕ್ಕೆ ದರೆಯ ಕಡೆ ತಿರುಗಿಸಿ ನಿಲ್ಲಿಸಿದೆ.

ಅತ್ತಿಗೆಗೆ ಮಾತ್ರ ಆ ಗಾಡಿ ಬಹಳ ಹಿಡಿಸಿತು. ತಂಪು ಗಾಳಿ, ಮೆತ್ತನೆಯ ಸೀಟು. "ಒಂದಿನಕ್ಕೆ ಮೂರು ಸಲ ಯಾರು ಇಳೀತಾರೆ? ನಾವು ಇಳಿಯುದು ಒಂದೇ ಸಲ ಅಲ್ದ?" ಎಂದಳು. ಮಾತು ನಿಜ. ಆದರೆ ಸಹಾಯ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಗೊತ್ತಿಲ್ಲದ ಗಾಡಿ ನನಗೆ ಬೇಡವಾಗಿತ್ತು. ಅದೇ ವಿಷಯಕ್ಕೆ ವಾರವಿಡೀ ನಮ್ಮಿಬ್ಬರಿಗೂ ಜಟಾಪಟಿ. ನಡುವೆ ಇನ್ನೊಂದು ಹಳೆಯ ಜೀಪು ಬಂತು, ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ಅದನ್ನು ಅಂಗಳದಿಂದಲೇ ಕಳಿಸಿದೆ.

ಮೂರನೆಯದನ್ನು ತೋರಿಸಿದವರು ಭಟ್ಕಳದ ಹತ್ತಿರ ಹೆಬಳೆಯಲ್ಲಿ ಗ್ಯಾರೇಜು ಇಟ್ಟಿರುವ ಒಬ್ಬ ಹಿರಿಯ ಮಿಸ್ತ್ರಿ. ಮನೆಯಲ್ಲಿ ನವಾಯತಿ ಭಾಷೆ, ಗಿರಾಕಿ ಹತ್ತಿರ ಕನ್ನಡ, ಬೋಲ್ಟ್ ಬಿಗಿಯಾದರೆ ಉರ್ದು. ಅವರು ಗಾಡಿಯ ಅಡಿಗೆ ಮಲಗಿ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಬಡಿಯುತ್ತ ಬಂದರು, ನಾನೂ ಗೋಣಿ ಹಾಸಿಕೊಂಡು ಪಕ್ಕದಲ್ಲಿ ಮಲಗಿದೆ. ಎಲ್ಲಿ ಬಡಿದರೂ ಠಣ್ ಎಂದಿತು. ತುಕ್ಕು ತಿಂದ ಕಬ್ಬಿಣ ಹಾಗೆ ಸದ್ದು ಕೊಡುವುದಿಲ್ಲ.

"ಕೇಳಿದ್ರಾ ಅಕ್ಕ? ಇದು ಘಟ್ಟದ ಮೇಲಿನ ಗಾಡಿ, ಸಮುದ್ರದ ಗಾಳಿ ಕಂಡಿಲ್ಲ. ನಮ್ಮ ಕಡೇದೆಲ್ಲಾ ಉಪ್ಪು ತಿಂದ ಗಾಡಿ. ಉಪ್ಪು ತಿಂದದ್ದು ನೀರು ಕುಡೀಲೇಬೇಕಲ್ಲ" ಎಂದು ನಕ್ಕರು.

ಹತ್ತು ವರ್ಷ ಹಳೆಯ ಗಾಡಿ. ನೋಡಲು ಡಬ್ಬಿ, ಕುಳಿತರೆ ಹಲಗೆ. ಆದರೆ ಗೇರಿನ ಕೋಲಿನ ಪಕ್ಕ ಇನ್ನೊಂದು ಸಣ್ಣ ಲೀವರ್ ಇತ್ತು. ಅದನ್ನು ಮುಂದಿಟ್ಟರೆ ರಸ್ತೆಯ ಓಟಕ್ಕೆ ಹೈ, ಪೂರ್ತಿ ಹಿಂದೆಳೆದರೆ ಗುಡ್ಡಕ್ಕೆ ಲೋ. ಲೋದಲ್ಲಿ ಎಂಜಿನ್ ಎಷ್ಟೇ ತಿರುಗಿದರೂ ಗಾಲಿ ಮೆಲ್ಲಗೆ ಉರುಳುತ್ತದೆ. ಒಂದನೇ ಗೇರಿನಲ್ಲಿ ಇಟ್ಟರೆ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ, ಬ್ರೇಕ್ ಬೇಕಾಗುವುದಿಲ್ಲ. ಹೈಗೂ ಲೋಗೂ ನಡುವೆ ಒಂದು ನ್ಯೂಟ್ರಲ್ ಇದೆ. ಲೀವರ್ ಅಲ್ಲಿ ನಿಂತರೆ ಎಂಜಿನ್ನಿಗೂ ನಾಲ್ಕು ಗಾಲಿಗೂ ಸಂಬಂಧವೇ ಇಲ್ಲ. ಆಮೇಲೆ ಮುಖ್ಯ ಗೇರ್ ಯಾವುದರಲ್ಲಿ ಹಾಕಿದರೂ ಗಾಡಿ ಎತ್ತು ಬಿಚ್ಚಿದ ಬಂಡಿ.

"ಲೀವರ್ ಸ್ವಲ್ಪ ಬಿಗಿ ಉಂಟು ಅಕ್ಕ. ಲೋಗೆ ಬಿತ್ತಾ ಅಂತ ತೋರ್ಸೋ ದೀಪ ಸುಟ್ಟು ಹೋಗ್ಯದೆ. ಪ್ರತಿ ಸಲ ಕ್ಲಚ್ ಬಿಟ್ಟು ನೋಡಿ, ಗಾಡಿ ಹಿಡೀತದಾ ಇಲ್ವಾ ಅಂತ." ಅವರು ಇದನ್ನು ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ. ಕಲಿಸುವವರಿಗೆ ತಲೆಯಾಡಿಸುವುದು ಅಭ್ಯಾಸವಾಗಿರುತ್ತದೆ.

ಚೌತಿ ಕಳೆದು ಮಳೆ ಸ್ವಲ್ಪ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ ಮೂವರೂ ಗುಡ್ಡಕ್ಕೆ ಹೋದೆವು. ಮರಳಿನ ಚೀಲಗಳ ಜೊತೆಗೆ ಈ ಸಲ ಅತ್ತಿಗೆಯೂ ಒಳಗೇ ಕೂರಬೇಕೆಂದೆ. ಜನ ಕುಳಿತಾಗ ಗಾಡಿ ಹೇಗೆ ವಾಲುತ್ತದೆಂದು ನೋಡಬೇಕಿತ್ತು.

"ನಾನೆಂತ ಅಕ್ಕಿ ಮುಡಿಯಾ, ತೂಕಕ್ಕೆ ಕೂರುಕೆ?" ಎಂದು ಗೊಣಗಿ ನಡುವಿನ ಸೀಟಿನಲ್ಲಿ ಕುಳಿತಳು.

ಹತ್ತುವುದರಲ್ಲಿ ಹೇಳುವಂಥದ್ದೇನಿಲ್ಲ. ಲೋದಲ್ಲಿ ಹಾಕಿದೆ, ಹತ್ತಿತು. ನೆತ್ತಿಯ ಸಪಾಟಿನಲ್ಲಿ ಹೈಗೆ ಬದಲಿಸಿ ಒಂದು ಸುತ್ತು ಹಾಕಿದೆವು. ಇಳಿಜಾರಿನ ತಲೆಗೆ ಬಂದು ನಿಲ್ಲಿಸಿ, ಕ್ಲಚ್ ಒತ್ತಿ, ಮುಖ್ಯ ಗೇರ್ ನ್ಯೂಟ್ರಲ್ ಮಾಡಿ, ಸಣ್ಣ ಲೀವರನ್ನು ಮತ್ತೆ ಲೋಗೆ ಎಳೆದೆ. ಬಿಗಿಯಾಗಿತ್ತು, ಇನ್ನಷ್ಟು ಎಳೆದೆ. ಟಕ್ ಎಂದಿತು. ಬಿತ್ತು ಎಂದುಕೊಂಡೆ. ಮುಖ್ಯ ಗೇರ್ ಒಂದಕ್ಕೆ ಹಾಕಿ ಎಂಜಿನ್ ಆರಿಸಿದೆ. ಬ್ರೇಕಿನಿಂದ ಕಾಲು ತೆಗೆದಾಗ ಗಾಡಿ ಬೆರಳಗಲ ಮುಂದೆ ಸರಿದು ನಿಂತಿತು. ಗೇರ್ ಹಿಡಿಯಿತು ಎಂದುಕೊಂಡೆ. ಮುಂದಿನ ಗಾಲಿ ಒಂದು ಕಲ್ಲಿನ ಅಂಚಿಗೆ ತಾಗಿ ನಿಂತಿತ್ತು, ಅಷ್ಟೇ.

ಹ್ಯಾಂಡ್ ಬ್ರೇಕ್ ಎಳೆಯಲಿಲ್ಲ. ಇದನ್ನು ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಯಾರೂ ಹ್ಯಾಂಡ್ ಬ್ರೇಕ್ ಎಳೆದು ಗಾಡಿ ಬಿಡುವುದಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಬ್ರೇಕು ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಸುತ್ತಿಗೆಯಿಂದ ಬಡಿದರೂ ಬಿಡುವುದಿಲ್ಲ. ಗೇರಿನಲ್ಲಿ ಇಟ್ಟು ಗಾಲಿಗೊಂದು ಕಲ್ಲು ಕೊಡುವುದು ನಮ್ಮ ಪದ್ಧತಿ. ಪರೀಕ್ಷೆಗೆ ಹೋಗುವವರಿಗೆ ಹ್ಯಾಂಡ್ ಬ್ರೇಕ್ ಎಳೆಯಲು ಕಲಿಸುವ ನಾನೇ ಜೂನಿನಿಂದ ಅದನ್ನು ಮುಟ್ಟಿರುವುದಿಲ್ಲ. ಎರಡು ನಿಮಿಷಕ್ಕೆ ಯಾಕೆ ಎಂದು ಅವತ್ತು ಕಲ್ಲನ್ನೂ ಕೊಡಲಿಲ್ಲ.

ದನ ಬರದಂತೆ ದಾರಿಗೆ ಅಡ್ಡ ಇಟ್ಟಿದ್ದ ಬಿದಿರಿನ ಗಳಗಳನ್ನು ನಾವು ಬರುವಾಗ ಸರಿಸಿದ್ದೆವು. ಅವನ್ನು ಮತ್ತೆ ಇಡಲು ಮಿಸ್ತ್ರಿ ಹಿಂದೆ ಹೋದರು. ನಾನು ದಾರಿ ನೋಡಲು ಮುಂದೆ ಇಳಿದು ಹೋದೆ. ಇಳಿಸುವ ಮೊದಲು ನಡೆದು ನೋಡುವುದು ನನ್ನ ನಿಯಮ. ಎಲ್ಲಿ ಹರಳು ಜಾಸ್ತಿ, ಎಲ್ಲಿ ಮಳೆ ಹೊಸದಾಗಿ ಕೊರೆದಿದೆ ಎಂದು ನೋಡುತ್ತ ಐವತ್ತು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಹರಳು ನುರಿಯುವ ಸದ್ದು ಬಂತು.

ತಿರುಗಿದೆ. ಗಾಡಿ ಬರುತ್ತಿತ್ತು. ಎಂಜಿನ್ನಿನ ಸದ್ದಿಲ್ಲ, ಡ್ರೈವರ್ ಸೀಟು ಖಾಲಿ, ಅದರ ಹಿಂದೆ ಅತ್ತಿಗೆಯ ಮುಖ.

ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಪಕ್ಕದಲ್ಲಿ ಓಡಿ, ಬಾಗಿಲು ತೆಗೆದು, ಒಳಗೆ ಹಾರಿ ಬ್ರೇಕ್ ಒತ್ತಬೇಕು. ಗಾಡಿ ಆಗ ಓಡುವ ಮನುಷ್ಯನಿಗಿಂತ ಜೋರೇನೂ ಇರಲಿಲ್ಲ. ನನ್ನ ಕಾಲು ಏನು ಮಾಡಿತೆಂದರೆ, ಪಕ್ಕಕ್ಕೆ ಹಾರಿತು. ದರೆಗೆ ಬೆನ್ನು ಒತ್ತಿ ನಿಂತೆ. ಗಾಡಿ ನನ್ನೆದುರು ಒಂದು ಮಾರು ದೂರದಲ್ಲಿ ಹಾದುಹೋಯಿತು. ಹೋಗುವಾಗ ಅತ್ತಿಗೆ ಕಿಟಕಿಯಿಂದ ನನ್ನನ್ನು ನೋಡಿದಳು. ಆಮೇಲೆ ನಾನು ಕಿರುಚಿದೆ.

"ಹ್ಯಾಂಡ್ ಬ್ರೇಕ್! ಹ್ಯಾಂಡ್ ಬ್ರೇಕ್ ಎಳಿ ಅತ್ತಿಗೆ!"

ಸ್ಟೀರಿಂಗ್ ಮುಟ್ಟಿ ಗೊತ್ತಿಲ್ಲದ ಹೆಂಗಸು ಅವಳು. ಎರಡು ಸೀಟಿನ ನಡುವೆ ಹೊಟ್ಟೆಯ ಮೇಲೆ ಬಿದ್ದು, ಎರಡೂ ಕೈಯಲ್ಲಿ ಬ್ರೇಕ್ ಹಿಡಿದು ಎಳೆದಳು. ಹಿಂದಿನ ಗಾಲಿ ನಿಂತು ಜಾರಿತು. ದಾರಿ ಅಲ್ಲಿ ಸ್ವಲ್ಪ ಬಲಕ್ಕೆ ಬಾಗುತ್ತದೆ, ಗಾಡಿ ಬಾಗದೆ ನೆಟ್ಟಗೆ ಹೋಯಿತು. ಹಾಗಾಗಿ ಎಡಗಾಲಿ ಕಾಲುವೆಗೆ ಬಿದ್ದು, ಗಾಡಿ ದರೆಗೆ ಒರಗಿ ನಿಂತಿತು. ಇನ್ನಷ್ಟು ಕೆಳಗೆ ದಾರಿ ಎಡಕ್ಕೆ ಬಾಗುತ್ತದೆ. ಅಲ್ಲಿವರೆಗೆ ಉರುಳಿದ್ದರೆ ನೆಟ್ಟಗೆ ಹೋಗಿ ಬೀಳುವುದು ಹಳ್ಳಕ್ಕೆ.

ಅವಳ ಹಣೆಗೆ ತರಚಿತ್ತು, ಬೇರೇನೂ ಆಗಿರಲಿಲ್ಲ. ಬ್ರೇಕಿನ ಹಿಡಿಕೆಯಿಂದ ಕೈ ಬಿಡಿಸಲು ಮಾತ್ರ ಆಗುತ್ತಿರಲಿಲ್ಲ. "ನೀರಿನ ಬಾಟ್ಲಿ ತಗಳುಕೆ ಮುಂದೆ ಬಗ್ಗಿದೆ, ಅಷ್ಟೇ. ಅಷ್ಟಕ್ಕೇ ಹೊರಟ್ತು" ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ನಾನು ಅವಳನ್ನು ಇಳಿಸಿ ಗೇರುಮರದಡಿ ಕೂರಿಸಿದೆ.

ಮಿಸ್ತ್ರಿ ಏದುಸಿರು ಬಿಡುತ್ತ ಬಂದು ಒಳಗೆ ಕೈಹಾಕಿ ಸಣ್ಣ ಲೀವರ್ ಮುಟ್ಟಿ ನೋಡಿದರು. ಅದು ನಡುವಿನ ನ್ಯೂಟ್ರಲ್ಲಿನಲ್ಲಿ ನಿಂತಿತ್ತು. ನನ್ನ ಮುಖ ನೋಡಿದರು. ಆಮೇಲೆ ಅತ್ತಿಗೆಗೆ ಕೇಳುವಂತೆ, "ಲೀವರ್ ಬಿಗಿ ಇತ್ತು. ನಂದೇ ತಪ್ಪು, ಎಣ್ಣೆ ಹಾಕಿ ತರಬೇಕಿತ್ತು" ಎಂದರು. ನಾನು ಅಲ್ಲ ಎನ್ನಲಿಲ್ಲ.

"ಈ ಗಾಡಿ ಬೇಡ್ವೇ ಬೇಡ. ಇದು ಯಾರನ್ನಾದ್ರೂ ತಿಂತದೆ" ಎಂದಳು ಅತ್ತಿಗೆ.

ಗಾಡಿಯನ್ನು ಕಾಲುವೆಯಿಂದ ತೆಗೆಯಬೇಕಿತ್ತು. ನಾನು ಮಿಸ್ತ್ರಿಗೆ ಬೀಗದ ಕೈ ಚಾಚಿದರೆ ಅವರು ತೆಗೆದುಕೊಳ್ಳಲಿಲ್ಲ. "ಈಗ ನೀವು ಕೂರ್ಲಿಲ್ಲ ಅಂದ್ರೆ ಇನ್ನು ಯಾವತ್ತೂ ಕೂರುದಿಲ್ಲ ಅಕ್ಕ" ಎಂದರು. ಕುಳಿತೆ. ಲೀವರ್ ಪೂರ್ತಿ ಹಿಂದೆಳೆದು, ರಿವರ್ಸ್ ಹಾಕಿ, ಕ್ಲಚ್ ಒಂದು ಚೂರು ಬಿಟ್ಟು ನೋಡಿದೆ. ಹಿಡಿಯಿತು. ಹ್ಯಾಂಡ್ ಬ್ರೇಕ್ ಇಳಿಸಿ ಇನ್ನೊಂದು ಚೂರು ಬಿಟ್ಟೆ. ಗಾಡಿ ಗಲಾಟೆ ಮಾಡದೆ, ಒಂದೊಂದೇ ಅಂಗುಲ, ಕಾಲುವೆಯಿಂದ ಹಿಂದೆ ಹತ್ತಿ ಬಂತು. ಆಮೇಲೆ ಒಂದನೇ ಗೇರಿನಲ್ಲಿ ಕೆಳಗಿನವರೆಗೆ ಇಳಿಸಿದೆ. ಬ್ರೇಕ್ ಒಂದು ಸಲವೂ ಮುಟ್ಟಲಿಲ್ಲ. ಎಣಿಸಲು ಅವತ್ತು ಯಾರೂ ಇರಲಿಲ್ಲ. ಅತ್ತಿಗೆ ಮಿಸ್ತ್ರಿಯ ಜೊತೆ ನಡೆದು ಬಂದಳು.

ಮನೆಗೆ ಬಂದ ಮೇಲೆ ಎರಡು ದಿನ ಶಾಲೆಗೆ ಹೋಗಲಿಲ್ಲ, ಜ್ವರ ಎಂದೆ. ಅತ್ತಿಗೆ ಬಂದವರಿಗೆಲ್ಲ ಗಾಡಿಯ ಲೀವರ್ ಕೆಟ್ಟಿದ್ದ ಕಥೆ ಹೇಳುತ್ತಿದ್ದಳು, ನಾನು ಒಳಕೋಣೆಯಲ್ಲಿ ಕೇಳುತ್ತಿದ್ದೆ. ಆ ಕಥೆಯನ್ನೇ ನೆಪ ಮಾಡಿಕೊಂಡು ಬ್ಯಾಂಕಿನವರ ಗಾಡಿ ತೆಗೆದುಕೊಂಡರೆ ಎಲ್ಲರಿಗೂ ಸಮಾಧಾನ. ಅತ್ತಿಗೆಗೆ ಮೆತ್ತನೆಯ ಸೀಟು, ನನಗೆ ಮರ್ಯಾದೆ. ಆದರೆ ಅದರಲ್ಲಿ ಕುಳಿತು ಆ ಹಳದಿ ದೀಪ ಯಾವಾಗ ಹತ್ತುತ್ತದೋ ಎಂದು ಪ್ರತಿ ಶನಿವಾರ ಸಾಯಬೇಕಾದವಳು ನಾನು, ಮತ್ತು ಹಿಂದೆ ಕೂರುವವಳು ಅವಳು. ಮೂರನೆಯ ದಿನ ಬೆಳಿಗ್ಗೆ ಅವಳು ತೆಂಗಿನಕಾಯಿ ತುರಿಯುತ್ತಿದ್ದಾಗ ಎದುರು ಹೋಗಿ ಕುಳಿತೆ.

"ಲೀವರ್ ಕೆಟ್ಟಿರ್ಲಿಲ್ಲ ಅತ್ತಿಗೆ. ನಾನೇ ಅರ್ಧಕ್ಕೆ ಬಿಟ್ಟಿದ್ದೆ. ಹ್ಯಾಂಡ್ ಬ್ರೇಕೂ ಎಳೀಲಿಲ್ಲ, ಕಲ್ಲೂ ಕೊಡ್ಲಿಲ್ಲ. ಮಿಸ್ತ್ರಿ ಎರಡು ಸಲ ಹೇಳಿದ್ರು."

ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ.

"ಲೀವರ್ ಎಲ್ಲಿತ್ತು ಅಂತ ನಂಗೆಂತ ಗೊತ್ತು?" ಎಂದಳು. "ನೀ ಎಲ್ಲಿದ್ದೆ ಅಂತ ಗೊತ್ತು."

ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ಅಳು ಮುಗಿಯುವವರೆಗೆ ಕಾಯಿ ತುರಿದಳು, ನಂತರ ಕಾಯಿಯ ಇನ್ನೊಂದು ಹೋಳು ತೆಗೆದುಕೊಂಡಳು.

"ಕಾಲುವೆಯಿಂದ ಹೆಂಗೆ ಮೇಲೆ ಬಂತು ಅದು?"

"ಲೋದಲ್ಲಿ. ತಾನಾಗೇ ಬಂತು."

"ನಾ ಎಳೆದ ಕೂಡ್ಲೆ ಬ್ರೇಕೂ ಹಿಡೀತು." ತುರಿಯನ್ನೆಲ್ಲ ಒಂದು ಕಡೆ ಬಳಿದಳು. "ಗಾಡಿದೆಂತ ತಪ್ಪಿಲ್ಲ ಹಂಗಾರೆ. ಅದ್ನೇ ತಕಾ. ಆದ್ರೆ ಇನ್ನು ನಿಲ್ಸಿದ ಕೂಡ್ಲೆ ಎಂತೆಂತ ಮಾಡಿದೆ ಅಂತ ಬಾಯ್ಬಿಟ್ಟು ಹೇಳ್ಬೇಕು. ನಂಗೆ ಕೇಳ್ಬೇಕು."

ಗಾಡಿ ತಂದೆವು. ಮಿಸ್ತ್ರಿ ಲೀವರಿನ ಕೊಂಡಿ ಬಿಚ್ಚಿ ತೊಳೆದು ಎಣ್ಣೆ ಹಾಕಿದರು, ಸುಟ್ಟ ದೀಪ ಬದಲಿಸಿದರು. ನಾನು ಹ್ಯಾಂಡ್ ಬ್ರೇಕ್ ಎಳೆಯುವುದನ್ನು ಮತ್ತೆ ಕಲಿತೆ. ಬೆಳಿಗ್ಗೆ ಅಂಟಿಕೊಂಡರೆ ಅಂಟಿಕೊಳ್ಳಲಿ, ಹಿಂದೆ ಮುಂದೆ ಎರಡು ಸಲ ಅಲ್ಲಾಡಿಸಿದರೆ ಹೆಚ್ಚಿನ ಸಲ ಬಿಡುತ್ತದೆ. ಬಿಡದ ದಿನ ಸುತ್ತಿಗೆ ಇದೆ.

ಮಳೆ ಪೂರ್ತಿ ನಿಂತ ಮೇಲೆ ಮೊದಲು ಬಂದದ್ದು ಹುಬ್ಬಳ್ಳಿಯ ಒಂದು ಕುಟುಂಬ, ಐದು ಜನ. ನೆತ್ತಿಯಲ್ಲಿ ಊಟವಾಯಿತು. ಇಳಿಜಾರಿನ ತಲೆಯಲ್ಲಿ ನಿಲ್ಲಿಸಿ, ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಗಟ್ಟಿಯಾಗಿ ಹೇಳಿದೆ. "ಸಣ್ಣ ಲೀವರ್ ಲೋದಲ್ಲಿದೆ, ದೀಪ ಹತ್ತಿದೆ. ಗೇರ್ ಒಂದರಲ್ಲಿದೆ. ಹ್ಯಾಂಡ್ ಬ್ರೇಕ್ ಎಳೆದಿದೆ." ಇಳಿದು ಗಾಲಿಗೆ ಕಲ್ಲು ಕೊಟ್ಟು, ದಾರಿ ನಡೆದು ನೋಡಿ, ಕಲ್ಲು ತೆಗೆದು ಬಂದು ಕುಳಿತೆ. ಅಷ್ಟರಲ್ಲಿ ಅತ್ತಿಗೆ ಬಾಗಿಲು ತೆಗೆದು ಬಿಸಿಲಿಗೆ ಕೊಡೆ ಹಿಡಿದು ಇಳಿದಿದ್ದಳು.

"ನಾ ನಡ್ಕಂಡು ಬತ್ತೆ."

ಸೆರಗು ಸಿಕ್ಕಿಸಿ, ದರೆಯ ಅಂಚಿನಲ್ಲಿ ಮುಂದೆ ಮುಂದೆ ಇಳಿಯತೊಡಗಿದಳು. ಲೋದಲ್ಲಿ ಒಂದನೇ ಗೇರಿನ ವೇಗವೂ ಅವಳ ನಡಿಗೆಯ ವೇಗವೂ ಒಂದೇ. ಮುಂದಿನ ಸೀಟಿನಲ್ಲಿದ್ದ ಹೆಂಗಸು ಕೇಳಿದರು.

"ದಾರಿ ತೋರಸಾಕ ಹೊಂಟಾರೇನ್ರೀ ಅವರು?"

"ಅಲ್ಲ. ಅವ್ರಿಗೆ ಹೆದರಿಕೆ."

"ಗಾಡಿಗೆ ಹೆದರತಾರೇನ್ರೀ?"

"ಗಾಡಿಗೆ ಹೆದ್ರುದಿಲ್ಲ. ನಂಗೆ ಹೆದರ್ತಾರೆ."

ತಮಾಷೆ ಎಂದುಕೊಂಡು ಆಕೆ ನಕ್ಕರು. ನಾನು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬ್ರೇಕ್ ಮುಟ್ಟದೆ ಇಳಿಸುತ್ತಿದ್ದೆ. ಹತ್ತು ಹೆಜ್ಜೆಗೊಮ್ಮೆ ಅತ್ತಿಗೆ ನಿಂತು ತಿರುಗಿ ನೋಡುತ್ತಿದ್ದಳು, ಸೀಟಿನಲ್ಲಿ ನಾನು ಇದ್ದೇನೋ ಇಲ್ಲವೋ ಎಂದು.